ಇನ್ನೂ ಈ ಹಳೆಯ ಪಿಕಪ್ ಯಾಕೆ?

ಪೆಟ್ರೋಲ್ ಹಾಕಿಸುವಲ್ಲಿ, ಗಾಡಿ ನಿಲ್ಲಿಸಿದ ಕಡೆ, ನೆಂಟರ ಮನೆಯಂಗಳದಲ್ಲಿ ನನಗೆ ಎದುರಾಗುವ ಪ್ರಶ್ನೆ ಒಂದೇ: "ಇನ್ನೂ ಇದನ್ನೇ ಓಡಿಸ್ತಿದ್ದೀರಾ? ಒಂದು ಹೊಸ ಗಾಡಿ ತಗೋಬಾರದಾ?" ಕೇಳುವವರಲ್ಲಿ ಕೆಲವರಿಗೆ ನನ್ನ ಮೇಲಿನ ಕಾಳಜಿ, ಕೆಲವರಿಗೆ ಬರಿಯ ಕುತೂಹಲ. ನಿಂತ ನಿಲುವಿನಲ್ಲಿ ಹೇಳಿ ಮುಗಿಸುವಂಥ ಉತ್ತರ ನನ್ನಲ್ಲಿ ಇಲ್ಲವಾದ್ದರಿಂದ ಇಲ್ಲಿ ಸಾವಧಾನವಾಗಿ ಬರೆಯುತ್ತಿದ್ದೇನೆ.

ನನ್ನದು 1984ರ ಟೊಯೊಟಾ ಹೈಲಕ್ಸ್. ಅದರೊಳಗಿರುವುದು 22ಆರ್ ಎಂದು ಹೆಸರಾದ, ನಾಲ್ಕು ಸಿಲಿಂಡರಿನ, 2,366 ಸಿಸಿಯ ಪೆಟ್ರೋಲ್ ಎಂಜಿನ್. ಇಂಧನ ಕೊಡುವುದು ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬುರೇಟರ್. ಬೇರೊಬ್ಬರು ಬಳಸಿ ದಣಿಸಿದ್ದ ಈ ಗಾಡಿ ನನ್ನ ಕೈಗೆ ಬಂದು 19 ವರ್ಷಗಳಾದವು. ಹಳೆಯದನ್ನು ತೊಳೆದು, ಹೊಳಪು ಕೊಟ್ಟು, ಮುಸುಕು ಹೊದಿಸಿ ಇಟ್ಟುಕೊಳ್ಳುವ ಹವ್ಯಾಸವೂ ಇದೆ, ಅದನ್ನು ನಾನು ಗೌರವಿಸುತ್ತೇನೆ. ಆದರೆ ನನ್ನ ಹೆಮ್ಮೆಯ ಬೇರು ಬೇರೆ ಕಡೆ ಇದೆ: ಈ ಗಾಡಿ ಇಂದಿಗೂ ಹೇರು ಹೊರುತ್ತದೆ, ಹೇಗೆ ಹೊರುತ್ತದೆ ಎಂಬುದು ನನಗೆ ತಿಳಿದಿದೆ, ಮತ್ತು ಹಾಗೆ ಹೊರುವ ಸ್ಥಿತಿಯಲ್ಲಿ ಅದನ್ನು ಇಟ್ಟಿರುವುದು ನನ್ನ ಎರಡು ಕೈಗಳು.

ಟ್ಯಾಪೆಟ್ ಹೊಂದಿಸುವ, ಅಂದರೆ ಎಂಜಿನ್ನಿನಲ್ಲಿ ಗಾಳಿ, ಹೊಗೆಗಳ ದಾರಿ ತೆರೆದು ಮುಚ್ಚುವ ವಾಲ್ವಿಗೂ ಅದನ್ನು ಒತ್ತುವ ರಾಕರ್ ತೋಳಿಗೂ ನಡುವಿನ ಸಂದನ್ನು ಸರಿಮಾಡುವ ಕೆಲಸವನ್ನೇ ನೋಡಿ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ವಾಲ್ವ್ ಕವರ್ ತೆಗೆದರೆ ಎಂಟು ವಾಲ್ವುಗಳೂ ಅವನ್ನು ಒತ್ತುವ ರಾಕರ್‌ಗಳೂ ಎಣ್ಣೆಯಲ್ಲಿ ಮಿನುಗುತ್ತ ಕಣ್ಣೆದುರು ಇರುತ್ತವೆ. ಗಾಳಿ ಒಳಗೆಳೆಯುವ ವಾಲ್ವಿಗೆ 0.20 ಮಿಲಿಮೀಟರ್, ಹೊಗೆ ಹೊರಬಿಡುವ ವಾಲ್ವಿಗೆ 0.30 ಮಿಲಿಮೀಟರ್ ಸಂದು ಇರಬೇಕು. ಮೊದಲನೆಯ ಪಿಸ್ಟನ್ನನ್ನು ಒತ್ತಡದ ಹಂತದ ಮೇಲ್ತುದಿಗೆ ತಂದು ನಾಲ್ಕು ವಾಲ್ವುಗಳನ್ನು ಹೊಂದಿಸಿ, ಎಂಜಿನ್ನನ್ನು ಒಂದು ಪೂರ್ತಿ ಸುತ್ತು ತಿರುಗಿಸಿ, ಉಳಿದ ನಾಲ್ಕನ್ನು ಹೊಂದಿಸಬೇಕು. ಫೀಲರ್ ಗೇಜಿನ ತೆಳ್ಳನೆಯ ತಗಡನ್ನು ಆ ಸಂದಿಗೆ ತೂರಿಸಿ ಎಳೆದಾಗ ಅದು ಸಲೀಸಾಗಿ ಜಾರಲೂ ಬಾರದು, ಕಚ್ಚಿಕೊಳ್ಳಲೂ ಬಾರದು. ಮುಚ್ಚಿದ ಪುಸ್ತಕದ ನಡುವಿನಿಂದ ಒಂದು ಹಾಳೆಯನ್ನು ಎಳೆದಂತೆ ತುಸುವೇ ತಡೆಯಬೇಕು. ಅಳತೆ ಸರಿಹೋಯಿತೆಂದು ಲಾಕ್ ನಟ್ ಬಿಗಿಯುವಾಗ ಸಂದು ಹೊಂದಿಸುವ ಸ್ಕ್ರೂ ಕೂಡ ಕೂದಲೆಳೆಯಷ್ಟು ತಿರುಗಿಬಿಡುತ್ತದೆ, ಹಾಗಾಗಿ ಒಂದು ಕೈಯಲ್ಲಿ ಸ್ಕ್ರೂಡ್ರೈವರಿನಿಂದ ಅದನ್ನು ಅದುಮಿ ಹಿಡಿದು ಇನ್ನೊಂದು ಕೈಯಲ್ಲಿ ಸ್ಪ್ಯಾನರ್ ತಿರುಗಿಸಿ, ಮತ್ತೊಮ್ಮೆ ಅಳೆಯಬೇಕು. ಮೊದಲ ಸಲ ಇದನ್ನು ಮಾಡಿದಾಗ ನನಗೆ ಅರ್ಧ ದಿನ ಹಿಡಿದಿತ್ತು. ಸಂದು ಹೆಚ್ಚಾದರೆ ಟಿಕ್ ಟಿಕ್ ಸದ್ದು ಬರುತ್ತದೆ. ಕಡಿಮೆಯಾದರೆ ಸದ್ದೇ ಇರುವುದಿಲ್ಲ, ಆದರೆ ವಾಲ್ವ್ ತನ್ನ ಸೀಟಿನ ಮೇಲೆ ಪೂರ್ತಿ ಕೂರದೆ, ತನ್ನ ಬಿಸಿಯನ್ನು ಬಿಟ್ಟುಕೊಡಲಾಗದೆ ಸುಟ್ಟುಹೋಗುತ್ತದೆ. ಸದ್ದಿಲ್ಲದ ಎಂಜಿನ್ ಎಂದರೆ ಆರೋಗ್ಯವಂತ ಎಂಜಿನ್ ಎಂದು ನಂಬಿದ್ದ ನಾನು ತಿದ್ದಿಕೊಂಡದ್ದು ಈ ಕೆಲಸ ಕಲಿತ ಮೇಲೆ.

ಗಾಡಿಯ ಹಿಂಭಾಗದ ಕಥೆ ಇನ್ನೂ ಸೊಗಸು. ಉದ್ದನೆಯ ಎರಡು ಉಕ್ಕಿನ ತೊಲೆಗಳು, ಅವನ್ನು ಜೋಡಿಸುವ ಅಡ್ಡಪಟ್ಟಿಗಳು, ಹೀಗೆ ಏಣಿಯಂತಿರುವ ಚಾಸಿಯ ಮೇಲೆ ಕ್ಯಾಬಿನ್ ಬೇರೆ, ಸಾಮಾನು ತುಂಬುವ ತೊಟ್ಟಿ ಬೇರೆಯಾಗಿ ಬೋಲ್ಟುಗಳಿಂದ ಕೂತಿವೆ. ತೊಟ್ಟಿಯ ಅಡಿಯಲ್ಲಿ ಲೀಫ್ ಸ್ಪ್ರಿಂಗಿನ ಪ್ಲೇಟುಗಳು. ಖಾಲಿ ಗಾಡಿಯಲ್ಲಿ ಇವು ಬಿರುಸು, ಹಿಂಭಾಗ ಪುಟಿಯುತ್ತದೆ. ಹೇರು ಬಿದ್ದಂತೆ ಪ್ಲೇಟುಗಳು ಚಪ್ಪಟೆಯಾಗಿ ಗಾಡಿ ನೆಲಕ್ಕೆ ಅಂಟಿಕೊಂಡಂತೆ ಸಾಗುತ್ತದೆ. ಹಿಂದಿನ ಆಕ್ಸಲ್ಲಿಗೂ ಚಾಸಿಗೂ ನಡುವೆ ಒಂದು ಸಣ್ಣ ಸರಳು ಇದೆ, ಅದರ ಇನ್ನೊಂದು ತುದಿಯಲ್ಲಿ ಬ್ರೇಕಿನ ವಾಲ್ವ್. ಹೇರಿನಿಂದ ಚಾಸಿ ತಗ್ಗಿದಾಗ ಸರಳು ವಾಲ್ವನ್ನು ಒತ್ತಿ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಖಾಲಿಯಿದ್ದಾಗ ಕಡಿಮೆ ಮಾಡಿ ಹಿಂದಿನ ಚಕ್ರಗಳು ಲಾಕ್ ಆಗದಂತೆ ತಡೆಯುತ್ತದೆ. ತಂತಿಯಿಲ್ಲ, ಕಂಪ್ಯೂಟರಿಲ್ಲ. ನನಗಿಂತ ಮೊದಲು ಇಟ್ಟುಕೊಂಡಿದ್ದವರು ಹೆಚ್ಚು ಭಾರ ಹೊರಲೆಂದು ಪ್ಲೇಟುಗಳನ್ನು ಸೇರಿಸಿ ಹಿಂಭಾಗವನ್ನು ಎತ್ತರಿಸಿದ್ದರು. ತುಂಬಿದ ಗಾಡಿಯಲ್ಲೂ ಹಿಂದಿನ ಬ್ರೇಕು ಯಾಕೆ ಮಂದ ಎಂದು ಲೈನಿಂಗ್ ಬದಲಿಸಿ, ಡ್ರಮ್ ಬದಲಿಸಿ ಸೋತ ನಾನು, ಒಂದು ಸಂಜೆ ಅಡಿಯಲ್ಲಿ ಮಲಗಿ ಆ ಸರಳನ್ನು ನೋಡುತ್ತಿದ್ದಾಗ ಕಾರಣ ಹೊಳೆಯಿತು: ಗಾಡಿ ಎತ್ತರವಾಗಿದ್ದರಿಂದ ವಾಲ್ವ್ ಅದನ್ನು ಸದಾ ಖಾಲಿ ಎಂದೇ ತಿಳಿದಿತ್ತು. ಸೇರಿಸಿದ ಪ್ಲೇಟುಗಳನ್ನು ತೆಗೆದು ಸರಳನ್ನು ಮತ್ತೆ ಹೊಂದಿಸಿದೆ. ಮರುದಿನ ತೊಟ್ಟಿಯ ತುಂಬ ಮರಳು ಹೇರಿಕೊಂಡು ಇಳಿಜಾರಿನಲ್ಲಿ ಬ್ರೇಕ್ ತುಳಿದಾಗ ನಾಲ್ಕೂ ಚಕ್ರಗಳು ಒಟ್ಟಾಗಿ ಹಿಡಿದವು. ಆ ದಿನ ಪಟ್ಟ ಸಂತೋಷವನ್ನು ಯಾವ ಹೊಸ ಗಾಡಿಯ ಕೀಲಿಕೈಯೂ ನನಗೆ ಕೊಡಲಾರದು.

ಕಾರುಗಳ ಹಿಂದೆ ಜನ ತಾವೇ ಪೆಟ್ಟಿಗೆ ಕಟ್ಟಿಸಿಕೊಳ್ಳುತ್ತಿದ್ದ ಕಾಲವೊಂದಿತ್ತು. 1925ರಲ್ಲಿ ಫೋರ್ಡ್ ಕಂಪನಿ ತನ್ನ ಮಾಡೆಲ್ ಟಿ ಕಾರಿಗೆ ಕಾರ್ಖಾನೆಯಲ್ಲೇ ಅಂಥ ಪೆಟ್ಟಿಗೆ ಕೂರಿಸಿ ಮಾರಿತು. ಸಾಮಾನು ಸುಲಭವಾಗಿ ಏರಬೇಕು, ಇಳಿಯಬೇಕು ಎಂಬ ಆ ಮೂಲ ಉದ್ದೇಶ ನನ್ನ ಗಾಡಿಯಲ್ಲಿ ಇನ್ನೂ ಮಾಸಿಲ್ಲ. ಪಕ್ಕದಲ್ಲಿ ನಿಂತು ಕೈಚಾಚಿದರೆ ತೊಟ್ಟಿಯ ತಳದಲ್ಲಿರುವ ಹಗ್ಗ ಸಿಗುತ್ತದೆ. ಇಂದಿನ ದೊಡ್ಡ ಪಿಕಪ್ಪುಗಳ ಪಕ್ಕದ ಗೋಡೆ ನನ್ನ ಎದೆಯ ಮಟ್ಟಕ್ಕೆ ಬರುತ್ತದೆ. ಅವುಗಳ ಅಂದಚೆಂದದ ಬಗ್ಗೆ ನನಗೆ ತಕರಾರಿಲ್ಲ, ಆದರೆ ದಿನಕ್ಕೆ ಇಪ್ಪತ್ತು ಸಲ ಏರಿಸಿ ಇಳಿಸುವವನ ಬೆನ್ನಿಗೆ ಆ ಎತ್ತರ ಒಳ್ಳೆಯದಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಕೊರತೆಗಳನ್ನು ಮುಚ್ಚಿಡುವುದಿಲ್ಲ. ಏರ್‌ಬ್ಯಾಗ್ ಇಲ್ಲ, ಜೋರಾಗಿ ಬ್ರೇಕ್ ತುಳಿದಾಗ ಚಕ್ರಗಳು ಲಾಕ್ ಆಗದಂತೆ ತಡೆಯುವ ಎಬಿಎಸ್ ಇಲ್ಲ. ಪವರ್ ಸ್ಟಿಯರಿಂಗ್ ಇಲ್ಲದ್ದರಿಂದ ನಿಂತಲ್ಲೇ ಚಕ್ರ ತಿರುಗಿಸಲು ತೋಳಿನ ಬಲ ಬೇಕು. ಹೊಸ ಎಂಜಿನ್ನುಗಳಿಗೆ ಹೋಲಿಸಿದರೆ ಕುಡಿಯುವ ಪೆಟ್ರೋಲೂ ಹೆಚ್ಚು, ಬಿಡುವ ಹೊಗೆಯೂ ಕೊಳಕು. ಆದ್ದರಿಂದ ಮುಂದಿನ ಗಾಡಿಯಿಂದ ದೂರ ಬಿಟ್ಟು ಓಡಿಸುತ್ತೇನೆ, ಮಳೆಯಲ್ಲಿ ಖಾಲಿ ಹೋಗಬೇಕಾದರೆ ಹಿಂದಿನ ಆಕ್ಸಲ್ಲಿನ ಮೇಲೆ ಎರಡು ಮರಳಿನ ಚೀಲ ಕಟ್ಟುತ್ತೇನೆ, ಕೆಲಸವಿಲ್ಲದೆ ಅದನ್ನು ಹೊರಗೆ ತೆಗೆಯುವುದಿಲ್ಲ. ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ನಿತ್ಯ ಓಡಾಡುವವರು ನನ್ನನ್ನು ನೋಡಿ ಇಂಥ ಗಾಡಿ ಕೊಳ್ಳಲು ಬಂದರೆ, ಬೇಡವೆಂದೇ ಹೇಳಿ ಕಳಿಸುತ್ತೇನೆ.

ಹೊಸದನ್ನು ಯಾವಾಗ ತೆಗೆದುಕೊಳ್ಳುತ್ತೀರಿ ಎಂದರೆ, ಚಾಸಿಯ ತೊಲೆಗೆ ತುಕ್ಕು ಹಿಡಿದು ತೂತು ಬಿದ್ದ ದಿನ ಎಂದು ಉತ್ತರಿಸುತ್ತೇನೆ. ಪ್ರತಿ ಮಳೆಗಾಲ ಮುಗಿದ ಮೇಲೆ ತೊಟ್ಟಿಗೂ ಚಾಸಿಗೂ ನಡುವೆ ಸಿಕ್ಕಿಕೊಂಡ ಕೆಸರನ್ನು ತೊಳೆದು, ಸಣ್ಣ ಸುತ್ತಿಗೆಯಿಂದ ತೊಲೆಯನ್ನು ಮುಂದಿನಿಂದ ಹಿಂದಿನವರೆಗೆ ತಟ್ಟುತ್ತ ಬರುತ್ತೇನೆ. ಕಬ್ಬಿಣ ಗಟ್ಟಿಯಿದ್ದಲ್ಲಿ ಸದ್ದು ಠಣ್ಣೆನ್ನುತ್ತದೆ, ತುಕ್ಕು ತಿಂದಲ್ಲಿ ಮಂಕಾಗುತ್ತದೆ. ಈ ವರ್ಷವೂ ತಟ್ಟಿ ನೋಡಿದೆ. ಕೊನೆಯ ಅಡ್ಡಪಟ್ಟಿಯವರೆಗೆ ಠಣ್ಣೆಂದಿತು.