ವಾಂತಿಯಾದ ಮೇಲಿನ ಅರ್ಧ ಗಂಟೆ

ಹಾಸನದ ಸ್ಕ್ಯಾನಿಂಗ್ ಕೇಂದ್ರವೊಂದರಲ್ಲಿ ಸಿ.ಟಿ. ತಂತ್ರಜ್ಞನಾಗಿರುವ ನಾನು, ಕಾಂಟ್ರಾಸ್ಟ್ ಔಷಧಿ (ಒಳಗಿನ ಅಂಗಗಳು ಸ್ಪಷ್ಟವಾಗಿ ಕಾಣಲೆಂದು ರಕ್ತನಾಳಕ್ಕೆ ಕೊಡುವ ಡೈ) ಕೊಟ್ಟಾಗ ಆಗುವ ವಾಂತಿಯನ್ನು ಬಹುಕಾಲ ಒರೆಸಿ ಮುಗಿಸುವ ಕೆಲಸವೆಂದೇ ತಿಳಿದಿದ್ದೆ.

ಆ ತಿಳಿವಳಿಕೆಯನ್ನು ತಿದ್ದಿದವರು ಸಕಲೇಶಪುರದ ಕಡೆಯಿಂದ ಮೊದಲ ಬಸ್ಸಿಗೆ ಬಂದಿದ್ದ ಒಬ್ಬ ಹಿರಿಯ ತಾಯಿ. ಹಿಂದಿನ ರಾತ್ರಿ ಮುದ್ದೆ ಉಂಡವರು ಆಮೇಲೆ ನೀರನ್ನೂ ಮುಟ್ಟಿರಲಿಲ್ಲ. ಇಂಜೆಕ್ಟರ್ ಸೆಕೆಂಡಿಗೆ 3 ಮಿ.ಲೀ.ನಂತೆ ಔಷಧಿ ಹರಿಸತೊಡಗಿದ ಸ್ವಲ್ಪ ಹೊತ್ತಿಗೆ, "ಮೈಯೆಲ್ಲಾ ಕಾದಂಗಾಯ್ತು ಕಣಪ್ಪ, ಹೊಟ್ಟೆ ತೊಳಸ್ತದೆ" ಎಂದರು. ಪಕ್ಕಕ್ಕೆ ಹೊರಳಿಸಿ ಹಿಡಿದುಕೊಂಡೆ. ಬರೀ ಹಳದಿ ನೀರು ಬಂತು. "ಡೈ ಹಾಕಿದಾಗ ಹೀಗಾಗುತ್ತದಮ್ಮ" ಎಂದು ಸಮಾಧಾನ ಹೇಳಿ, ಹೊರಗೆ ಮುಂದಿನವರು ಕಾಯುತ್ತಿದ್ದುದರಿಂದ ಕೈಯಲ್ಲಿದ್ದ ಕ್ಯಾನುಲಾ, ಅಂದರೆ ರಕ್ತನಾಳಕ್ಕೆ ಔಷಧಿ ಹರಿಸುವ ಸಣ್ಣ ಕೊಳವೆ, ತೆಗೆಯಲು ಹೊರಟಿದ್ದೆ. ಅವರು ಕತ್ತು ಕೆರೆದುಕೊಳ್ಳುತ್ತಿದ್ದರು. ಸೆರಗು ಸರಿಸಿ ನೋಡಿದರೆ, ಸೊಳ್ಳೆ ಕಚ್ಚಿದಂತಹ ದದ್ದುಗಳು ಕಿವಿಯ ಹಿಂದಿನಿಂದ ಭುಜದವರೆಗೆ ಎದ್ದಿದ್ದವು. ವೈದ್ಯರು ಓಡಿ ಬಂದು, ರಕ್ತದೊತ್ತಡ ನೋಡಿ, ಅದೇ ಕ್ಯಾನುಲಾದಲ್ಲಿ ಔಷಧಿ ಕೊಟ್ಟರು. ಒಂದು ಗಂಟೆಯಲ್ಲಿ ಎಲ್ಲವೂ ಇಳಿಯಿತು.

ಅಯೋಹೆಕ್ಸಾಲ್‌ನಂತಹ ಇಂದಿನ ಅಯೋಡಿನ್‌ಯುಕ್ತ ಔಷಧಿಗಳು, ರಕ್ತಕ್ಕಿಂತ ಹಲವು ಪಟ್ಟು ಗಾಢವಾಗಿದ್ದ ಹಳೆಯ ಅಯಾನಿಕ್ (ಕರಗಿದಾಗ ವಿದ್ಯುದಂಶದ ಕಣಗಳಾಗಿ ಒಡೆಯುವ) ಔಷಧಿಗಳಷ್ಟು ವಾಂತಿ ತರುವುದಿಲ್ಲ. ತಂದರೂ ಹೆಚ್ಚಿನವರಲ್ಲಿ ಅದು ಕೆಲವೇ ನಿಮಿಷಗಳಲ್ಲಿ ತಾನಾಗಿ ನಿಲ್ಲುತ್ತದೆ. ಆದರೆ ತೀವ್ರ ಅಲರ್ಜಿಯೂ ಕೆಲವೊಮ್ಮೆ ವಾಂತಿಯಿಂದಲೇ ಶುರುವಾಗುತ್ತದೆ, ಮತ್ತು ಮೊದಲ ನಿಮಿಷದಲ್ಲಿ ಇವೆರಡನ್ನೂ ಬೇರ್ಪಡಿಸುವುದು ಯಾರಿಂದಲೂ ಆಗದು. ಹಾಗಾಗಿ ಈಗ ವಾಂತಿಯಾದವರ ಕ್ಯಾನುಲಾವನ್ನು 30 ನಿಮಿಷ ತೆಗೆಯುವುದಿಲ್ಲ. ನಾಡಿ, ರಕ್ತದೊತ್ತಡ, ಚರ್ಮ ನೋಡುತ್ತೇನೆ, ಧ್ವನಿ ಗೊಗ್ಗರಾಗಿದೆಯೇ ಎಂದು ತಿಳಿಯಲು ಮಾತನಾಡಿಸುತ್ತಲೇ ಇರುತ್ತೇನೆ.

ಉಪವಾಸದ ವಿಷಯವನ್ನೂ ನಾನು ವೈದ್ಯರ ಮುಂದಿಟ್ಟೆ. ಈಗಿನ ಔಷಧಿಗಳಿಗೆ ಉಪವಾಸ ಬೇಕಿಲ್ಲವೆಂದು ಯುರೋಪಿನ ಮಾರ್ಗಸೂಚಿಯೇ ಹೇಳುತ್ತಿರುವಾಗ, ಸಕ್ಕರೆ ಕಾಯಿಲೆಯವರನ್ನು ಹನ್ನೆರಡು ಗಂಟೆ ಹಸಿದಿರಿಸುವುದು ನನಗೆ ತಪ್ಪೆಂದೇ ತೋರುತ್ತದೆ, ಏಕೆಂದರೆ ಸಕ್ಕರೆ ಇಳಿದರೂ ಹೊಟ್ಟೆ ತೊಳಸುತ್ತದೆ. ನೀರು ಕುಡಿದು ಬನ್ನಿ ಎಂದು ನಾವೀಗ ಮೊದಲೇ ತಿಳಿಸುತ್ತೇವೆ. ಮೈ ಬಿಸಿಯಾಗುತ್ತದೆ, ಬಾಯಲ್ಲಿ ಲೋಹದ ರುಚಿ ಬರುತ್ತದೆ, ಮೂತ್ರ ಹೋದಂತೆನಿಸಿದರೂ ಹೋಗಿರುವುದಿಲ್ಲ ಎಂಬುದನ್ನು ಮೇಜಿನ ಮೇಲೆ ಮಲಗಿಸುವ ಮುನ್ನವೇ ಹೇಳಿಬಿಟ್ಟರೆ ಗಾಬರಿ ಎಷ್ಟೋ ತಗ್ಗುತ್ತದೆ.

ಅರ್ಧ ಗಂಟೆ ಕೂರಿಸಿದರೆ ಬಸ್ಸು ತಪ್ಪುತ್ತದೆಂದು ಚಡಪಡಿಸುವವರಿಗೆ, ಮುಂದಿನ ಬಸ್ಸು ಎಷ್ಟು ಹೊತ್ತಿಗಿದೆಯೆಂದು ನಾನೇ ವಿಚಾರಿಸಿ ಹೇಳುತ್ತೇನೆ.