ಬೆಳಗ್ಗಿನ ಪಾಳಿ ಯಾರಿಗೆ?

ಕಾಸರಗೋಡಿನ ಒಂದು ಡಯಾಲಿಸಿಸ್ ಘಟಕದ ಬಾಗಿಲಲ್ಲಿ ಇವತ್ತು ಹೊಸ ಪಾಳಿ ಪಟ್ಟಿ. ಬೆಳಗ್ಗೆ ಒಂದೇ ಜಾಗ ಖಾಲಿ, ಕೇಳುವವರು ಇಬ್ಬರು: ಪೇಂಟಿಂಗ್ ಕೆಲಸದ ಹುಡುಗ, ಎಪ್ಪತ್ತು ದಾಟಿದ ಪೆರ್ಲದ ಅಜ್ಜ.

ಲೆಕ್ಕ ಸಣ್ಣದು. ಒಬ್ಬರಿಗೆ ವಾರಕ್ಕೆ 3 ಸಲ, ಸಲಕ್ಕೆ 4 ಗಂಟೆ. ದಿನಕ್ಕೆ 3 ಪಾಳಿ ಓಡಿಸಿದರೆ ಒಂದು ಮಿಷನಿಗೆ 6 ಜನ. ಸೋಮ-ಬುಧ-ಶುಕ್ರ ಮೂವರು, ಮಂಗಳ-ಗುರು-ಶನಿ ಮೂವರು. ಏಳನೆಯವರು ಕಾಯಬೇಕು.

"ಪ್ರಾಯ ಆದವರಿಗೆ 3 ಗಂಟೆ ಸಾಕಲ್ವಾ?" ಅನ್ನುವವರುಂಟು. ಸಾಕಾಗುವುದಿಲ್ಲ ಮಾರಾಯ್ರೆ! ಕಿಡ್ನಿ ಕೆಟ್ಟವರ ಮೈಯಲ್ಲಿ ನಿಂತ ನೀರನ್ನೂ ಈ ಮಿಷನೇ ಎಳೆದು ತೆಗೆಯಬೇಕು. ಕಿಲೋ ತೂಕಕ್ಕೆ ಗಂಟೆಗೆ 13 ಮಿಲಿಲೀಟರಿಗಿಂತ ಜಾಸ್ತಿ ನೀರು ಎಳೆದರೆ ಹೃದಯಕ್ಕೆ ಪೆಟ್ಟು. ಆ ಮಿತಿಯೊಳಗೆ 60 ಕಿಲೋದವರಿಗೆ 4 ಗಂಟೆಯಲ್ಲಿ ಸುಮಾರು 3.1 ಲೀಟರ್, 3 ಗಂಟೆಯಲ್ಲಿ ಬರೀ 2.3. ಅವಸರದಲ್ಲಿ ಎಳೆದರೆ ಬಿಪಿ ಇಳಿಯುತ್ತದೆ, ಮೀನಖಂಡ ಸೆಟೆಯುತ್ತದೆ, ನೀರು ತೆಗೆಯುವುದನ್ನೇ ನಿಲ್ಲಿಸಬೇಕಾಗುತ್ತದೆ. ಉಳಿದ ನೀರು ಮೈಯಲ್ಲೇ.

ಗಂಟೆಗೆ ಕತ್ತರಿ ಬೇಡ, ಪಾಳಿ ಹಂಚಿ. ಹುಡುಗನಿಗೆ ಸಂಜೆ ಕೊಟ್ಟರೆ ಅರ್ಧ ದಿನದ ಸಂಬಳವಾದರೂ ಕೈಗೆ ಬರುತ್ತದೆ. ಅಜ್ಜನಿಗೆ ಬೆಳಗ್ಗೆ; ಮುಗಿದ ಮೇಲೆ ತಲೆ ತಿರುಗಿದರೂ ಅಲ್ಲೇ ಒಂದು ಗಳಿಗೆ ಮಲಗಿ, ಹಗಲಿನ ಬಸ್ಸಲ್ಲೇ ಪೆರ್ಲಕ್ಕೆ ಹೋಗಬಹುದು.