ನಾನುಓಯದಲ್ಲಿ ಸೋನೆ, ಬಂಡಾರವೆಲದಲ್ಲಿ ದೂಳು

ಗುರುವಾರ, 18 ಜುಲೈ 2024
ಬಂಡಾರವೆಲ, ಶ್ರೀಲಂಕಾ

ಬೆಳಿಗ್ಗೆ ನಾನುಓಯದಲ್ಲಿ ಬದುಳ್ಳೆಯ ರೈಲು ಹತ್ತುವಾಗ ಸೋನೆ ಹಿಡಿದಿತ್ತು. ಕಿಟಕಿಯಾಚೆ ಚಹಾ ಗಿಡಗಳ ಎರಡು ಸಾಲು ಕಂಡರೆ ಮೂರನೆಯದು ಮಂಜಿನಲ್ಲಿ ಕಾಣುತ್ತಿರಲಿಲ್ಲ. ಸುಮಾರು 1,890 ಮೀಟರ್ ಎತ್ತರದಲ್ಲಿರುವ ಪಟ್ಟಿಪೊಲ ಈ ದೇಶದ ಅತಿ ಎತ್ತರದ ರೈಲು ನಿಲ್ದಾಣ. ಅದನ್ನು ದಾಟಿ ಸುರಂಗದಿಂದ ಗಾಡಿ ಹೊರಬಿದ್ದದ್ದೇ ತಡ, ಮಳೆಯ ಸುಳಿವೇ ಇಲ್ಲ. ಹಪುತಳೆಯಲ್ಲಿ ಚುರುಕಾದ ಬಿಸಿಲು, ಇಲ್ಲಿ ಇಳಿದಾಗ ಗಾಳಿಗೆ ರಸ್ತೆಯ ದೂಳು ಏಳುತ್ತಿತ್ತು.

ಕರ್ನಾಟಕದ ಮೂರನೆಯ ಒಂದು ಭಾಗದಷ್ಟು ವಿಸ್ತಾರವಿರುವ ಈ ದ್ವೀಪವನ್ನು ವರ್ಷದ ಮಳೆಯ ಲೆಕ್ಕದಲ್ಲಿ ಮೂರು ವಲಯಗಳಾಗಿ ವಿಂಗಡಿಸುತ್ತಾರೆ: 2,500 ಮಿಲಿಮೀಟರಿಗಿಂತ ಹೆಚ್ಚು ಮಳೆಯಾದರೆ ಆರ್ದ್ರ, 1,750ಕ್ಕಿಂತ ಕಡಿಮೆಯಾದರೆ ಶುಷ್ಕ, ನಡುವಿನದು ಮಧ್ಯಂತರ. ಲೆಕ್ಕ ಸರಿಯಾದದ್ದೇ. ಆದರೆ ವಲಯಗಳ ನಡುವಿನ ವ್ಯತ್ಯಾಸ ಜನರಿಗೆ ತಟ್ಟುವುದು ವರ್ಷದ ಮೊತ್ತದಲ್ಲಲ್ಲ, ದಿನದ ಯಾವ ಹೊತ್ತಿನಲ್ಲಿ ಏನಾಗುತ್ತದೆ ಎಂಬುದರಲ್ಲಿ ಎಂದು ನನಗೆ ಅನಿಸುತ್ತದೆ.

ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತ ನಡುನಾಡಿನ ಬೆಟ್ಟಗಳ ಪಡುವಣ ಇಳಿಜಾರಿಗೆ ಅಪ್ಪಳಿಸುವಾಗ ಆ ಬದಿಯಲ್ಲಿ ಮಳೆಗೆ ಹೊತ್ತುಗೊತ್ತಿಲ್ಲ. ನಡುರಾತ್ರಿಯಲ್ಲೂ ಬರುತ್ತದೆ, ನಸುಕಿನಲ್ಲೂ ಬರುತ್ತದೆ. ಅತಿ ಹೆಚ್ಚು ಸುರಿಯುವುದು ಶಿಖರಗಳ ಮೇಲಲ್ಲ, ವಟವಳ, ನಾರ್ಟನ್ ಬ್ರಿಜ್‌ಗಳಂಥ ಅರ್ಧ ಎತ್ತರದ ಊರುಗಳಲ್ಲಿ. ಅಲ್ಲಿ ಈ ಒಂದು ಮಾರುತದಿಂದಲೇ 3,000 ಮಿಲಿಮೀಟರ್ ದಾಟುವುದುಂಟು. ಇನ್ನೂ ಎತ್ತರದ ನುವರ ಎಲಿಯ ತಲುಪುವಷ್ಟರಲ್ಲಿ ಗಾಳಿಯ ತೇವ ಬಹುಪಾಲು ಇಳಿದಿರುವುದರಿಂದ ಅಲ್ಲಿ ಜಡಿಮಳೆಗಿಂತ ಸೋನೆ, ಮಂಜು, ಚಳಿಗಳೇ ಹೆಚ್ಚು. ತೇವ ಹೊತ್ತ ಗಾಳಿ ಮೇಲೇರುವಾಗ, ಆವಿ ನೀರಾಗುತ್ತ ಬಿಟ್ಟುಕೊಡುವ ಶಾಖದಿಂದಾಗಿ, ನಿಧಾನವಾಗಿ ತಣಿಯುತ್ತದೆ. ಒಣಗಿದ ಮೇಲೆ ಬಂಡಾರವೆಲ ಇರುವ ಈ ಮೂಡಣ ಬದಿಗೆ ಇಳಿಯುವಾಗ ಪ್ರತಿ ಕಿಲೋಮೀಟರಿಗೆ ಸುಮಾರು 10 ಡಿಗ್ರಿಯಂತೆ ಬೇಗನೆ ಕಾಯುತ್ತದೆ. ಬಯಲಿಗೆ ಇಳಿದು ಪೂರ್ವ ಕರಾವಳಿಯ ಮಟ್ಟಕಳಪ್ಪು ಮುಟ್ಟುವಾಗ ಅದು ಮೈ ಸುಡುವ ಬಿಸಿಗಾಳಿ. ಅಲ್ಲಿನ ತಮಿಳರು ಅದನ್ನು ಕಚ್ಚಾನ್ ಎನ್ನುತ್ತಾರೆ. ಆಗುಂಬೆಯಲ್ಲಿ ಜಡಿ ಹಿಡಿದಿರುವ ದಿನವೇ ಚಳ್ಳಕೆರೆಯಲ್ಲಿ ಒಣಗಾಳಿ ಬೀಸುವುದನ್ನು ಬಲ್ಲವರಿಗೆ ಇದು ಹೊಸದಲ್ಲ, ಆದರೆ ಇಲ್ಲಿ ಅಷ್ಟು ಬದಲಾವಣೆಗೆ ರೈಲಿನಲ್ಲಿ ಸ್ವಲ್ಪ ಹೊತ್ತು ಕೂತರೆ ಸಾಕು.

ಮಾರ್ಚ್, ಏಪ್ರಿಲ್‌ಗಳಲ್ಲಿ ಗಾಳಿ ಎರಡು ಮಾರುತಗಳ ನಡುವೆ ತಟಸ್ಥವಾದಾಗ ದಿನಕ್ಕೆ ಬೇರೆಯೇ ಕ್ರಮ ಬರುತ್ತದೆ. ಬೆಳಗಿನ ಹೊತ್ತು ಆಕಾಶ ತಿಳಿಯಾಗಿರುತ್ತದೆ. ನೆಲ ಕಾದಂತೆ ಎರಡೂ ಕರಾವಳಿಗಳಿಂದ ಕಡಲ ಗಾಳಿ ಒಳನಾಡಿನತ್ತ ಹರಿದು, ಒಂದಕ್ಕೊಂದು ಎದುರಾದಲ್ಲಿ ಮೋಡ ಎದ್ದು, ಮಧ್ಯಾಹ್ನದ ಮೇಲೆ ಗುಡುಗು ಸಿಡಿಲಿನ ಮಳೆ. ಇಲ್ಲಿನ ಹವಾಮಾನ ಮುನ್ಸೂಚನೆಯಲ್ಲಿ "ಮಧ್ಯಾಹ್ನ ಎರಡು ಗಂಟೆಯ ನಂತರ" ಎಂಬ ಮಾತು ಪದೇ ಪದೇ ಬರುವುದು ಇದರಿಂದಲೇ. ನಮ್ಮಲ್ಲಿ "ಅಲ್ಲಲ್ಲಿ ಮಳೆಯಾಗುವ ಸಂಭವವಿದೆ" ಎಂದು ಹೇಳಿ ಕೈತೊಳೆದುಕೊಳ್ಳುವುದಕ್ಕಿಂತ ಇದು ಎಷ್ಟೋ ವಾಸಿ.

ಡಿಸೆಂಬರ್ ಹೊತ್ತಿಗೆ ಪಾತ್ರಗಳು ಅದಲುಬದಲಾಗುತ್ತವೆ. ಈಶಾನ್ಯ ಮಾರುತ ಬಂಗಾಳ ಕೊಲ್ಲಿಯಿಂದ ಮಳೆ ತಂದು ಮೂಡಣ ಇಳಿಜಾರನ್ನೂ ಶುಷ್ಕ ವಲಯವನ್ನೂ ತೋಯಿಸುತ್ತದೆ. ಅನುರಾಧಪುರದ ಪುರಾತನ ಕೆರೆಗಳು ಮುಖ್ಯವಾಗಿ ಅಕ್ಟೋಬರ್‌ನಿಂದ ಜನವರಿವರೆಗಿನ ನೀರನ್ನೇ ನೆಚ್ಚಿಕೊಂಡಿವೆ, 'ಮಹ' ಎಂಬ ದೊಡ್ಡ ಬತ್ತದ ಬೆಳೆಯೂ ಅದೇ ಕಾಲದ್ದು. ಆಮೇಲೆ ಜನವರಿ, ಫೆಬ್ರುವರಿಗಳ ಮೋಡವಿಲ್ಲದ ರಾತ್ರಿಗಳಲ್ಲಿ ನುವರ ಎಲಿಯದ ತಗ್ಗುಗಳಲ್ಲಿ ನೆಲದ ಮೇಲೆ ಹಿಮ ಕಟ್ಟಿ ಚಹಾದ ಚಿಗುರು ಕರಕಾಗುವುದುಂಟು. ಕೊಲಂಬೊದಲ್ಲಿ ಮಾತ್ರ ತಿಂಗಳ ಸರಾಸರಿ ಉಷ್ಣತೆ ವರ್ಷವಿಡೀ ಎರಡು ಡಿಗ್ರಿಯ ಆಸುಪಾಸಿನಲ್ಲೇ ಏರಿಳಿಯುತ್ತದೆ. ಅಲ್ಲಿ ಹಗಲಿಗೂ ರಾತ್ರಿಗೂ ಇರುವ ಅಂತರವೇ ಅದಕ್ಕಿಂತ ದೊಡ್ಡದು.

ಈ ಬದಿಯ ಊವ ಚಹಾಕ್ಕೆ ಒಳ್ಳೆಯ ಸೊಗಡು ಬರುವುದು ಜುಲೈನಿಂದ ಸೆಪ್ಟೆಂಬರ್‌ವರೆಗೆ, ಇದೇ ಒಣಗಾಳಿಗೆ ಚಿಗುರಿನ ಬೆಳವಣಿಗೆ ನಿಧಾನವಾದಾಗ. ಆ ಬದಿಯ ಡಿಂಬುಲದವರು ತಮ್ಮ ಒಣಗಾಳಿಗಾಗಿ ಜನವರಿಯವರೆಗೆ ಕಾಯಬೇಕು.